ಪುಟ್ಟ ನಾಯಿಗೆ ಲಸಿಕೆ ಒಗ್ಗದಿದ್ದರೆ: ಹಾಕಿಸುವ ಮುನ್ನ, ಹಾಕಿಸಿದ ದಿನ ಮತ್ತು ಆಮೇಲೆ ಮಾಡಬೇಕಾದ ಕೆಲಸಗಳು

ಲಸಿಕೆ ಹಾಕಿಸಿಕೊಂಡು ಬಂದ ಕೆಲವೇ ಗಂಟೆಗಳಲ್ಲಿ ನಾಯಿಯ ಮುಖ ಊದಿಕೊಂಡರೆ, ಮೈಮೇಲೆ ಗಂಧೆಗಳು ಎದ್ದರೆ, ಅಥವಾ ಅದು ಒಂದೇ ಸಮನೆ ವಾಂತಿ ಮಾಡಿ ಮಂಕಾಗಿ ಮಲಗಿಬಿಟ್ಟರೆ, ಇನ್ನು ಮುಂದೆ ಲಸಿಕೆಯ ಸಹವಾಸವೇ ಬೇಡ ಎಂದು ಸಾಕಿದವರಿಗೆ ಅನ್ನಿಸುವುದು ಸಹಜ. ಆ ಭಯವನ್ನು ತಳ್ಳಿಹಾಕುವಂತಿಲ್ಲ, ಏಕೆಂದರೆ ಇಂತಹ ತೊಂದರೆಗಳು ದೊಡ್ಡ ನಾಯಿಗಳಿಗಿಂತ ಪುಟ್ಟ ನಾಯಿಗಳಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ. ಆದರೆ ಪಾರ್ವೊ (ತೀವ್ರ ವಾಂತಿ ಭೇದಿ ತರುವ ವೈರಸ್ ರೋಗ), ಡಿಸ್ಟೆಂಪರ್ (ಶ್ವಾಸಕೋಶ ಮತ್ತು ನರಗಳಿಗೆ ತಗಲುವ ವೈರಸ್ ರೋಗ) ಮತ್ತು ರೇಬೀಸ್‌ನಂತಹ ರೋಗಗಳು ನಾಯಿಯ ಗಾತ್ರವನ್ನು ನೋಡಿ ಬಿಡುವುದಿಲ್ಲ, ಮತ್ತು ಲಕ್ಷಣಗಳು ಕಾಣಿಸಿಕೊಂಡ ಮೇಲೆ ರೇಬೀಸ್‌ಗೆ ಚಿಕಿತ್ಸೆಯೇ ಇಲ್ಲ. ಆದ್ದರಿಂದ ಲಸಿಕೆಯನ್ನು ಕೈಬಿಡುವ ಮೊದಲು, ಅದನ್ನು ಯಾವ ಕ್ರಮದಲ್ಲಿ, ಎಷ್ಟು ಅಂತರದಲ್ಲಿ, ಯಾವ ಮುನ್ನೆಚ್ಚರಿಕೆಯೊಂದಿಗೆ ಹಾಕಿಸಬಹುದು ಎಂಬುದನ್ನು ಪಶುವೈದ್ಯರೊಂದಿಗೆ ಕುಳಿತು ನಿರ್ಧರಿಸಬೇಕು. ಈ ಲೇಖನ ಆ ಮಾತುಕತೆಗೂ, ಅದರ ನಂತರದ ದಿನಗಳಿಗೂ ನಿಮ್ಮನ್ನು ಸಿದ್ಧಗೊಳಿಸುವ ಉದ್ದೇಶದಿಂದ ಬರೆದದ್ದು.

ತೂಕಕ್ಕೂ ತೊಂದರೆಗೂ ಇರುವ ನಂಟು

ಅಮೆರಿಕದ 360 ಪಶು ಆಸ್ಪತ್ರೆಗಳಲ್ಲಿ 2002 ಮತ್ತು 2003ರಲ್ಲಿ ಲಸಿಕೆ ಪಡೆದ 12 ಲಕ್ಷಕ್ಕೂ ಹೆಚ್ಚು ನಾಯಿಗಳ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಲಸಿಕೆ ಹಾಕಿದ 3 ದಿನಗಳೊಳಗೆ ತೊಂದರೆ ಕಾಣಿಸಿಕೊಂಡದ್ದು ಪ್ರತಿ 10,000 ನಾಯಿಗಳಲ್ಲಿ ಸುಮಾರು 38ಕ್ಕೆ ಮಾತ್ರ. ಆದರೆ ನಾಯಿಯ ತೂಕ ಕಡಿಮೆಯಾದಂತೆ ತೊಂದರೆಯ ಸಾಧ್ಯತೆ ಏರುತ್ತಾ ಹೋಗಿತ್ತು. ಒಂದೇ ಭೇಟಿಯಲ್ಲಿ ಹಾಕುವ ಲಸಿಕೆಗಳ ಸಂಖ್ಯೆ ಹೆಚ್ಚಿದಂತೆಯೂ ಅಪಾಯ ಹೆಚ್ಚುತ್ತಿತ್ತು: 10 ಕಿಲೋ ಮತ್ತು ಅದಕ್ಕಿಂತ ಕಡಿಮೆ ತೂಕದ ನಾಯಿಗಳಲ್ಲಿ ಪ್ರತಿಯೊಂದು ಹೆಚ್ಚುವರಿ ಲಸಿಕೆಗೆ ಶೇಕಡಾ 27ರಷ್ಟು, ಅದಕ್ಕಿಂತ ಭಾರವಾದ ನಾಯಿಗಳಲ್ಲಿ ಶೇಕಡಾ 12ರಷ್ಟು. ಡ್ಯಾಶ್‌ಹುಂಡ್, ಪಗ್, ಬಾಸ್ಟನ್ ಟೆರಿಯರ್, ಮಿನಿಯೇಚರ್ ಪಿನ್ಷರ್ ಮತ್ತು ಚಿವಾವಾ ತಳಿಗಳಲ್ಲಿ ತೊಂದರೆಯ ಪ್ರಮಾಣ ಹೆಚ್ಚಾಗಿತ್ತು. ಸಂತಾನಹರಣ ಚಿಕಿತ್ಸೆಯಾದ ನಾಯಿಗಳಿಗೂ, 1ರಿಂದ 3 ವರ್ಷದೊಳಗಿನ ನಾಯಿಗಳಿಗೂ ಅಪಾಯ ಜಾಸ್ತಿ ಎಂಬುದು ಅಲ್ಲಿ ಕಂಡುಬಂದ ಇನ್ನೊಂದು ಸಂಗತಿ.

ಇದಕ್ಕೆ ಒಂದು ಸರಳ ಕಾರಣವಿದೆ. 2 ಕಿಲೋ ತೂಕದ ನಾಯಿಗೂ 40 ಕಿಲೋ ತೂಕದ ನಾಯಿಗೂ ಹಾಕುವ ಲಸಿಕೆಯ ಪ್ರಮಾಣ ಒಂದೇ. ಲಸಿಕೆಯಲ್ಲಿ ರೋಗಾಣುವಿನ ಅಂಶದ ಜೊತೆಗೆ, ವೈರಸ್ಸನ್ನು ಬೆಳೆಸುವಾಗ ಬಳಸಿದ ಕರುವಿನ ಸೀರಮ್ಮಿನ ಪ್ರೋಟೀನುಗಳು, ಲಸಿಕೆ ಕೆಡದಂತೆ ಕಾಪಾಡುವ ಜೆಲಾಟಿನ್‌ನಂತಹ ವಸ್ತುಗಳು, ಮತ್ತು ಕೆಲವು ಲಸಿಕೆಗಳಲ್ಲಿ ರೋಗನಿರೋಧಕ ಸ್ಪಂದನವನ್ನು ಹೆಚ್ಚಿಸಲೆಂದೇ ಸೇರಿಸಿದ ಪದಾರ್ಥಗಳೂ ಇರುತ್ತವೆ. ಅಲರ್ಜಿಯ ಪ್ರತಿಕ್ರಿಯೆಗೆ ಅನೇಕ ವೇಳೆ ಕಾರಣವಾಗುವುದು ರೋಗಾಣುವಿನ ಅಂಶಕ್ಕಿಂತ ಹೆಚ್ಚಾಗಿ ಈ ಜೊತೆಯ ಪ್ರೋಟೀನುಗಳು. ಪುಟ್ಟ ದೇಹದಲ್ಲಿ ಇವೆಲ್ಲವೂ ತೂಕಕ್ಕೆ ಹೋಲಿಸಿದರೆ ಹೆಚ್ಚಿನ ಪ್ರಮಾಣದಲ್ಲಿ ಸೇರುತ್ತವೆ. ಕೆಲವು ತಳಿಗಳ ಆನುವಂಶಿಕ ಒಲವೂ ಇದಕ್ಕೆ ಕೂಡಿಕೊಳ್ಳುತ್ತದೆ.

ಹಾಗಿದ್ದರೆ ಪುಟ್ಟ ನಾಯಿಗೆ ಅರ್ಧ ಪ್ರಮಾಣ ಹಾಕಿದರೆ ಸಾಲದೇ ಎಂದು ಬಹಳ ಜನ ಕೇಳುತ್ತಾರೆ. ಸಾಲದು. ತಯಾರಕರು ಪರೀಕ್ಷಿಸಿ ಅನುಮತಿ ಪಡೆದಿರುವುದು ಪೂರ್ಣ ಪ್ರಮಾಣಕ್ಕೆ. ಅದಕ್ಕಿಂತ ಕಡಿಮೆಯಾದರೆ ನಾಯಿಗೆ ರಕ್ಷಣೆ ದೊರೆಯಿತೆಂದು ಹೇಳಲು ಆಧಾರವಿರುವುದಿಲ್ಲ. ಅಲರ್ಜಿ ಇರುವ ನಾಯಿಗೆ ಅರ್ಧ ಪ್ರಮಾಣವೂ ಅಪಾಯ ತರಬಲ್ಲದು. ಹೀಗಾಗಿ ಅರ್ಧ ಲಸಿಕೆಯಿಂದ ನಾಯಿಗೆ ಅಪಾಯವೂ ತಪ್ಪದೆ, ರಕ್ಷಣೆಯೂ ಸಿಗದೆ ಹೋಗಬಹುದು. ನಾಯಿ ಬೆಕ್ಕುಗಳಂತಹ ಚಿಕ್ಕ ಪ್ರಾಣಿಗಳ ಪಶುವೈದ್ಯರ ಜಾಗತಿಕ ಸಂಘಟನೆಯಾದ ಡಬ್ಲ್ಯು.ಎಸ್.ಎ.ವಿ.ಎ. ತನ್ನ ಲಸಿಕಾ ಮಾರ್ಗಸೂಚಿಯಲ್ಲಿ ಚಿಕ್ಕ ನಾಯಿಗೂ ಪೂರ್ಣ ಪ್ರಮಾಣವನ್ನೇ ಹಾಕಬೇಕೆಂದು ಹೇಳುತ್ತದೆ. ಕೆಲವು ತಯಾರಕರು 1 ಮಿ.ಲೀ. ಬದಲು ಅರ್ಧ ಮಿ.ಲೀ. ದ್ರವದಲ್ಲಿಯೇ ಪೂರ್ಣ ಲಸಿಕೆಯನ್ನು ಕೊಡುತ್ತಾರೆ. ಅದು ಬೇರೆಯೇ ವಿಷಯ, ಮತ್ತು ಅದು ನಿಮ್ಮ ವೈದ್ಯರಲ್ಲಿ ಲಭ್ಯವಿದೆಯೇ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಹಂತ 1: ಯಾವುದು ಸಾಮಾನ್ಯ, ಯಾವುದು ಅಲ್ಲ ಎಂಬುದನ್ನು ಮೊದಲೇ ತಿಳಿದಿರಿ

ಲಸಿಕೆಯ ನಂತರ ಒಂದೆರಡು ದಿನ ನಾಯಿ ಹೆಚ್ಚು ಮಲಗುವುದು, ಊಟ ಸ್ವಲ್ಪ ಕಡಿಮೆ ಮಾಡುವುದು, ಮೈ ತುಸು ಬೆಚ್ಚಗಾಗುವುದು, ಸೂಜಿ ಚುಚ್ಚಿದ ಜಾಗ ಮುಟ್ಟಿದರೆ ನೋವೆಂದು ಎಳೆದುಕೊಳ್ಳುವುದು ದೇಹದ ರೋಗನಿರೋಧಕ ವ್ಯವಸ್ಥೆ ಕೆಲಸ ಮಾಡುತ್ತಿದೆ ಎಂಬುದರ ಸೂಚನೆಗಳು. ಇವು ಸಾಮಾನ್ಯವಾಗಿ 24ರಿಂದ 48 ಗಂಟೆಗಳಲ್ಲಿ ತಾವಾಗಿಯೇ ಕಡಿಮೆಯಾಗುತ್ತವೆ. ಚುಚ್ಚಿದ ಜಾಗದಲ್ಲಿ ಬಟಾಣಿ ಗಾತ್ರದ ಗಟ್ಟಿ ಗಂಟು ಕೆಲವು ವಾರ ಉಳಿಯಬಹುದು. ಮೂಗಿನಲ್ಲಿ ಹಾಕುವ ಕೆನೆಲ್ ಕಾಫ್ (ನಾಯಿಯಿಂದ ನಾಯಿಗೆ ಹರಡುವ ಕೆಮ್ಮಿನ ರೋಗ) ಲಸಿಕೆಯಾಗಿದ್ದರೆ ಕೆಲವು ದಿನ ಸೀನು, ಸಣ್ಣ ಕೆಮ್ಮು ಬರುವುದುಂಟು.

ಅಲರ್ಜಿಯ ಪ್ರತಿಕ್ರಿಯೆ ಇದಕ್ಕಿಂತ ಬೇರೆ. ಕಣ್ಣಿನ ರೆಪ್ಪೆ, ತುಟಿ, ಮೂತಿ ಮತ್ತು ಕಿವಿಯ ಬುಡ ಊದಿಕೊಳ್ಳುವುದು, ಮೈಮೇಲೆ ಗಂಧೆಗಳೆದ್ದು ಕೂದಲು ಅಲ್ಲಲ್ಲಿ ಗುಪ್ಪೆಯಾಗಿ ನಿಂತಂತೆ ಕಾಣುವುದು, ನಾಯಿ ಮುಖವನ್ನು ನೆಲಕ್ಕೋ ಹಾಸಿಗೆಗೋ ಬಿಡದೆ ಉಜ್ಜುವುದು ಇದರ ಮುಖ್ಯ ಲಕ್ಷಣಗಳು. ಹೆಚ್ಚಿನ ವೇಳೆ ಇವು ಮೊದಲ ಕೆಲವು ಗಂಟೆಗಳಲ್ಲಿ ಕಾಣಿಸಿಕೊಳ್ಳುತ್ತವೆ, ಅಪರೂಪಕ್ಕೆ ಒಂದು ದಿನದವರೆಗೂ ತಡವಾಗಬಹುದು.

ಅನಾಫಿಲ್ಯಾಕ್ಸಿಸ್ ಎಂಬ ತೀವ್ರ ಪ್ರತಿಕ್ರಿಯೆ ಬಹಳ ಅಪರೂಪ, ಆದರೆ ಅದರಲ್ಲಿ ಪ್ರತಿ ನಿಮಿಷವೂ ಮುಖ್ಯ. ಮನುಷ್ಯರಲ್ಲಿ ಅದು ಹೆಚ್ಚಾಗಿ ಉಸಿರಿನ ತೊಂದರೆಯಾಗಿ ಶುರುವಾಗುವುದರಿಂದ ನಾಯಿಯಲ್ಲೂ ಹಾಗೆಯೇ ಇರುತ್ತದೆಂದು ಜನ ಕಾಯುತ್ತಾರೆ. ನಾಯಿಗಳಲ್ಲಿ ಮೊದಲು ಪೆಟ್ಟು ಬೀಳುವುದು ಯಕೃತ್ತು ಮತ್ತು ಕರುಳಿಗೆ. ಆದ್ದರಿಂದ ಲಸಿಕೆ ಹಾಕಿದ ಸ್ವಲ್ಪ ಹೊತ್ತಿಗೇ ಬರುವ ವಾಂತಿ, ಹಠಾತ್ ಭೇದಿ (ಕೆಲವೊಮ್ಮೆ ರಕ್ತ ಬೆರೆತದ್ದು), ಬಾಯಿಂದ ಧಾರಾಳವಾಗಿ ಸುರಿಯುವ ಜೊಲ್ಲು, ಕಾಲು ಕುಸಿಯುವುದು, ಬಿಳಿಚಿದ ಅಥವಾ ನೀಲಿಗಟ್ಟಿದ ವಸಡು, ತಣ್ಣಗಾದ ಪಾದಗಳು ಇವುಗಳನ್ನು ಹೊಟ್ಟೆ ಕೆಟ್ಟಿದೆ ಎಂದು ಅರ್ಥ ಮಾಡಿಕೊಂಡು ಕೂರುವಂತಿಲ್ಲ. ಮುಖ ಊದದೆಯೂ ಅನಾಫಿಲ್ಯಾಕ್ಸಿಸ್ ಆಗಬಹುದು ಎಂಬುದನ್ನು ನೆನಪಿನಲ್ಲಿಡಬೇಕು.

ಹಂತ 2: ದಾಖಲೆಗಳನ್ನು ಕಲೆಹಾಕಿ, ನಾಯಿಯ ಸಹಜ ಸ್ಥಿತಿಯನ್ನು ಅಳೆದಿಟ್ಟುಕೊಳ್ಳಿ

ಹಿಂದಿನ ಪ್ರತಿಯೊಂದು ಲಸಿಕೆಯ ದಿನಾಂಕ, ಲಸಿಕೆಯ ಹೆಸರು, ಬ್ಯಾಚ್ ಸಂಖ್ಯೆ, ಆಗ ಏನಾದರೂ ತೊಂದರೆಯಾಗಿತ್ತೇ ಎಂಬ ವಿವರ ಇವಿಷ್ಟನ್ನೂ ಒಂದೇ ಕಡೆ ಬರೆದುಕೊಳ್ಳಿ. ಬಾಟಲಿಯ ಮೇಲಿನ ಚೀಟಿಯನ್ನು ವೈದ್ಯರು ಸಾಮಾನ್ಯವಾಗಿ ಲಸಿಕೆ ಪುಸ್ತಕದಲ್ಲಿ ಅಂಟಿಸಿರುತ್ತಾರೆ. ಅಂಟಿಸಿಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಕಳೆದ ಸಲ ಕಣ್ಣಿನ ಸುತ್ತ ಸ್ವಲ್ಪ ಊದಿತ್ತು, ಬೆಳಗಾಗುವಷ್ಟರಲ್ಲಿ ಇಳಿಯಿತು ಎಂಬಂತಹ, ನಿಮಗೆ ಚಿಕ್ಕದೆನಿಸಿದ ಸಂಗತಿಯೇ ವೈದ್ಯರಿಗೆ ಎಲ್ಲಕ್ಕಿಂತ ಮುಖ್ಯವಾಗುತ್ತದೆ. ಅಲರ್ಜಿ ಉಂಟಾಗಬೇಕಾದರೆ ದೇಹ ಆ ಪ್ರೋಟೀನನ್ನು ಮೊದಲು ಒಮ್ಮೆ ಗುರುತಿಸಿರಬೇಕು. ಆದ್ದರಿಂದ ಮೊದಲ ಲಸಿಕೆ ಯಾವ ತೊಂದರೆಯೂ ಇಲ್ಲದೆ ಕಳೆದು, ಎರಡನೆಯದರಲ್ಲೋ ಮೂರನೆಯದರಲ್ಲೋ ಪ್ರತಿಕ್ರಿಯೆ ಕಾಣಿಸಿಕೊಳ್ಳುವುದು ವಿಚಿತ್ರವೇನಲ್ಲ. ಹಿಂದಿನ ಸಲ ಏನೂ ಆಗಲಿಲ್ಲ ಎಂಬುದನ್ನೇ ನಂಬಿ ಎಚ್ಚರ ತಪ್ಪಬಾರದು.

ನಾಯಿ ಆರೋಗ್ಯವಾಗಿರುವ ಒಂದು ದಿನ ಅದರ ಸಹಜ ಸ್ಥಿತಿಯನ್ನು ಗಮನಿಸಿ ಬರೆದಿಡುವುದನ್ನು ಬಹಳ ಮಂದಿ ಮಾಡುವುದಿಲ್ಲ, ಆದರೆ ಗಾಬರಿಯ ಹೊತ್ತಿನಲ್ಲಿ ಇದಕ್ಕಿಂತ ಉಪಯುಕ್ತವಾದದ್ದು ಬೇರೊಂದಿಲ್ಲ. ನಾಯಿ ಮಲಗಿರುವಾಗ ಎದೆ ಏರಿಳಿಯುವುದನ್ನು ಎಣಿಸಿ; ನಿಮಿಷಕ್ಕೆ 10ರಿಂದ 30ರ ಒಳಗಿರಬೇಕು. ಮೇಲ್ತುಟಿಯನ್ನು ಎತ್ತಿ ವಸಡಿನ ಬಣ್ಣ ನೋಡಿ, ಅದು ನಸುಗೆಂಪಾಗಿರುತ್ತದೆ. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗಕ್ಕೆ 2 ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಕೆಲವು ನಾಯಿಗಳ ವಸಡು ಹುಟ್ಟಿನಿಂದಲೇ ಕಪ್ಪಾಗಿರುವುದರಿಂದ ಅಂಥವುಗಳಲ್ಲಿ ಕೆಳರೆಪ್ಪೆಯ ಒಳಭಾಗವನ್ನು ನೋಡಬೇಕಾಗುತ್ತದೆ. ಗುದದ್ವಾರದಲ್ಲಿ ಅಳೆದ ಸಹಜ ಉಷ್ಣತೆ ಸುಮಾರು 38ರಿಂದ 39.2 ಡಿಗ್ರಿ ಸೆಲ್ಸಿಯಸ್. ಮನುಷ್ಯರಲ್ಲಿ ಜ್ವರವೆನಿಸುವ 38.5 ಡಿಗ್ರಿ ನಾಯಿಗೆ ಜ್ವರವಲ್ಲ ಎಂಬುದು ಗೊತ್ತಿದ್ದರೆ ಅನಗತ್ಯ ಆತಂಕ ತಪ್ಪುತ್ತದೆ.

ಹಂತ 3: ಯಾವ ಲಸಿಕೆ, ಯಾವಾಗ, ಎಷ್ಟು ಅಂತರದಲ್ಲಿ ಎಂಬುದನ್ನು ವೈದ್ಯರೊಂದಿಗೆ ನಿರ್ಧರಿಸಿ

ನನ್ನ ದೃಷ್ಟಿಯಲ್ಲಿ ಇಡೀ ಪ್ರಕ್ರಿಯೆಯಲ್ಲಿ ಅತ್ಯಂತ ಫಲ ಕೊಡುವ ಹಂತ ಇದು. ಹಿಂದೆ ಪ್ರತಿಕ್ರಿಯೆ ತೋರಿದ ನಾಯಿಗೆ ಎಲ್ಲ ಲಸಿಕೆಗಳನ್ನೂ ಒಂದೇ ದಿನ ಹಾಕಿಸುವ ಅಭ್ಯಾಸವನ್ನು ಬಿಡಬೇಕು. ಡಿಸ್ಟೆಂಪರ್, ಅಡಿನೊವೈರಸ್ (ಯಕೃತ್ತಿಗೆ ತಗಲುವ ಸೋಂಕು) ಮತ್ತು ಪಾರ್ವೊ ಒಟ್ಟಿಗೆ ಇರುವ ಲಸಿಕೆ ಒಂದು ದಿನ, ರೇಬೀಸ್ ಇನ್ನೊಂದು ದಿನ, ಲೆಪ್ಟೊಸ್ಪೈರೋಸಿಸ್ (ಇಲಿಗಳ ಮೂತ್ರದಿಂದ ಹರಡುವ ಬ್ಯಾಕ್ಟೀರಿಯಾ ರೋಗ) ಮತ್ತೊಂದು ದಿನ ಎಂದು ಬಿಡಿಸಿಕೊಂಡು, ಒಂದರಿಂದ ಇನ್ನೊಂದಕ್ಕೆ ಕನಿಷ್ಠ 2 ವಾರ, ಸಾಧ್ಯವಾದರೆ 3ರಿಂದ 4 ವಾರ ಅಂತರ ಕೊಡುವುದು ರೂಢಿ. 2 ವಾರಕ್ಕಿಂತ ಕಡಿಮೆ ಅಂತರದಲ್ಲಿ ಜೀವಂತ (ಆದರೆ ದುರ್ಬಲಗೊಳಿಸಿದ) ವೈರಸ್ಸಿನ ಲಸಿಕೆಗಳನ್ನು ಹಾಕಿದರೆ ಮೊದಲನೆಯದು ಎರಡನೆಯದರ ಪರಿಣಾಮವನ್ನು ತಗ್ಗಿಸಬಹುದು. ಹೀಗೆ ಬಿಡಿಸುವುದರಿಂದ ದೇಹದ ಮೇಲಿನ ಭಾರ ಕಡಿಮೆಯಾಗುವುದರ ಜೊತೆಗೆ ಇನ್ನೊಂದು ದೊಡ್ಡ ಲಾಭವಿದೆ: ಮತ್ತೆ ತೊಂದರೆಯಾದರೆ ಅದು ಯಾವ ಲಸಿಕೆಯಿಂದ ಎಂಬುದು ಸ್ಪಷ್ಟವಾಗಿ ತಿಳಿಯುತ್ತದೆ. ಮೂರನ್ನು ಒಟ್ಟಿಗೆ ಹಾಕಿಸಿದಾಗ ಮೂರರ ಮೇಲೂ ಅನುಮಾನ ಉಳಿದುಬಿಡುತ್ತದೆ, ಆಮೇಲೆ ಬೇಕಾದ ಲಸಿಕೆಯನ್ನೂ ಹೆದರಿ ಬಿಡಬೇಕಾಗುತ್ತದೆ.

ಎರಡನೆಯ ಪ್ರಶ್ನೆ, ನಿಜವಾಗಿ ಈ ವರ್ಷ ಯಾವ ಲಸಿಕೆ ಬೇಕು ಎಂಬುದು. ಮರಿಯ ಲಸಿಕೆಗಳು ಮತ್ತು ಮೊದಲ ಬೂಸ್ಟರ್ (ರಕ್ಷಣೆಯನ್ನು ಗಟ್ಟಿಗೊಳಿಸಲು ಮತ್ತೆ ಹಾಕುವ ಲಸಿಕೆ) ಸರಿಯಾಗಿ ಮುಗಿದ ಮೇಲೆ ಡಿಸ್ಟೆಂಪರ್, ಅಡಿನೊವೈರಸ್, ಪಾರ್ವೊ ವಿರುದ್ಧದ ಜೀವಂತ ಲಸಿಕೆಗಳ ರಕ್ಷಣೆ ಹಲವು ವರ್ಷ ಉಳಿಯುತ್ತದೆ. 3 ವರ್ಷಕ್ಕಿಂತ ಮೊದಲು ಮತ್ತೆ ಹಾಕಬೇಕಾಗಿಲ್ಲ ಎಂಬುದು ಇಂದಿನ ಮಾರ್ಗಸೂಚಿಗಳ ನಿಲುವು. ಲೆಪ್ಟೊಸ್ಪೈರೋಸಿಸ್ ಲಸಿಕೆಯ ಮಾತು ಬೇರೆ. ಅದರ ರಕ್ಷಣೆ ಸುಮಾರು ಒಂದು ವರ್ಷದ್ದಾದ್ದರಿಂದ ಪ್ರತಿ ವರ್ಷ ಹಾಕಿಸಬೇಕಾಗುತ್ತದೆ, ಮತ್ತು ಇಲಿ ಹೆಗ್ಗಣಗಳ ಓಡಾಟ ಹಾಗೂ ನಿಂತ ನೀರು ಇರುವ ಕಡೆ ಅದನ್ನು ಬಿಡುವುದು ಸುರಕ್ಷಿತವಲ್ಲ. ಅದು ನಾಯಿಯಿಂದ ಮನುಷ್ಯರಿಗೂ ಹರಡುವ ರೋಗ. ಸದಾ ಮನೆಯೊಳಗೇ ಇರುವ, ಬೇರೆ ನಾಯಿಗಳೊಂದಿಗೆ ಬೆರೆಯದ ಪುಟ್ಟ ನಾಯಿಗೆ ಕೆನೆಲ್ ಕಾಫ್ ಲಸಿಕೆ ಅಗತ್ಯವೇ ಎಂಬುದನ್ನು ಮಾತ್ರ ನಿಸ್ಸಂಕೋಚವಾಗಿ ಕೇಳಬಹುದು.

ಡಿಸ್ಟೆಂಪರ್, ಅಡಿನೊವೈರಸ್ ಮತ್ತು ಪಾರ್ವೊಗಳಿಗೆ ರಕ್ತದಲ್ಲಿ ಪ್ರತಿಕಾಯಗಳು (ರೋಗಾಣುವಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನುಗಳು) ಇವೆಯೇ ಎಂದು ಪರೀಕ್ಷಿಸುವ ಟೈಟರ್ ಪರೀಕ್ಷೆ ಪ್ರತಿಕ್ರಿಯೆ ತೋರಿದ ನಾಯಿಗಳ ಪಾಲಿಗೆ ನಿಜವಾದ ವರದಾನ. ಪ್ರತಿಕಾಯಗಳು ಕಂಡುಬಂದರೆ ನಾಯಿಗೆ ರಕ್ಷಣೆ ಇದೆಯೆಂದೇ ಅರ್ಥ, ಬೂಸ್ಟರನ್ನು ಮುಂದೂಡಬಹುದು. ಆದರೆ ಈ ಪರೀಕ್ಷೆ ಲೆಪ್ಟೊಸ್ಪೈರೋಸಿಸ್‌ಗೆ ಉಪಯೋಗಕ್ಕೆ ಬರುವುದಿಲ್ಲ. ರೇಬೀಸ್ ವಿಷಯದಲ್ಲಿ ನಾಯಿ ವಾಸಿಸುವ ಪ್ರದೇಶದ ಕಾನೂನು ಏನು ಹೇಳುತ್ತದೆಯೋ ಅದನ್ನೇ ಪಾಲಿಸಬೇಕು. ಕೆಲವು ಕಡೆ ಗಂಭೀರ ಪ್ರತಿಕ್ರಿಯೆಯ ದಾಖಲೆ ಇರುವ ನಾಯಿಗೆ ವೈದ್ಯರ ಪತ್ರದ ಆಧಾರದ ಮೇಲೆ ವಿನಾಯಿತಿ ದೊರೆಯುತ್ತದೆ, ಆದರೆ ವಿನಾಯಿತಿ ಕಾಗದದ ಮೇಲಿನದು. ರೋಗದಿಂದ ಅದು ಕಾಪಾಡುವುದಿಲ್ಲ. ಪ್ರತಿ ವರ್ಷ ಪ್ರಪಂಚದಲ್ಲಿ ರೇಬೀಸ್‌ನಿಂದ ಸುಮಾರು 59,000 ಜನ ಸಾಯುತ್ತಾರೆಂಬ ಅಂದಾಜಿದೆ, ಮತ್ತು ಅವರಲ್ಲಿ ಬಹುಪಾಲು ಜನರಿಗೆ ಸೋಂಕು ತಗಲುವುದು ನಾಯಿ ಕಡಿತದಿಂದಲೇ. ಆದ್ದರಿಂದ ಎಲ್ಲಕ್ಕಿಂತ ಕೊನೆಯಲ್ಲಿ ಕೈಬಿಡಬೇಕಾದ ಲಸಿಕೆ ಇದು.

ಮರಿಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ತಾಯಿಯ ಹಾಲಿನಿಂದ ಬಂದ ಪ್ರತಿಕಾಯಗಳು ಮರಿಯ ರಕ್ತದಲ್ಲಿ ಇರುವವರೆಗೆ ಲಸಿಕೆ ಕೆಲಸ ಮಾಡದೇ ಹೋಗಬಹುದು. 6ರಿಂದ 8 ವಾರದ ವಯಸ್ಸಿನಲ್ಲಿ ಆರಂಭಿಸಿ 2ರಿಂದ 4 ವಾರಗಳಿಗೊಮ್ಮೆ ಹಾಕುತ್ತಾ, 16 ವಾರ ತುಂಬಿದ ಮೇಲೆ ಕೊನೆಯದನ್ನು ಹಾಕಬೇಕೆನ್ನುವುದು ಈ ಕಾರಣಕ್ಕೆ. ಎರಡನೆಯ ಲಸಿಕೆಗೆ ಮುಖ ಊದಿತೆಂದು ಅಲ್ಲಿಗೇ ನಿಲ್ಲಿಸಿಬಿಟ್ಟರೆ, ಅದುವರೆಗೆ ಹಾಕಿಸಿದ ಯಾವ ಲಸಿಕೆಯೂ ಫಲ ಕೊಡದೆ ಮರಿ ಪಾರ್ವೊಗೆ ತೆರೆದುಕೊಂಡೇ ಉಳಿಯುವ ಸಾಧ್ಯತೆಯಿದೆ. ಅಂತಹ ಮರಿಗೆ ನಡುವಿನ ಒಂದು ಲಸಿಕೆಯನ್ನು ಬಿಟ್ಟು, 16 ವಾರದ ನಂತರದ ಲಸಿಕೆಯನ್ನು ಪೂರ್ಣ ಸಿದ್ಧತೆಯೊಂದಿಗೆ ಹಾಕಿಸಿ, ಕನಿಷ್ಠ 4 ವಾರಗಳಾದ ಮೇಲೆ ಟೈಟರ್ ಪರೀಕ್ಷೆ ಮಾಡಿಸುವ ದಾರಿಯನ್ನು ವೈದ್ಯರೊಂದಿಗೆ ಚರ್ಚಿಸಬಹುದು. ಅಲ್ಲಿಯವರೆಗೆ ಮರಿಯನ್ನು ಬೇರೆ ನಾಯಿಗಳು ಓಡಾಡುವ ಜಾಗದಲ್ಲಿ ನೆಲಕ್ಕೆ ಬಿಡಬಾರದು.

ತಯಾರಕರನ್ನು ಬದಲಿಸುವುದು ಮತ್ತು ಲಸಿಕೆಗೆ ಮುನ್ನ ಅಲರ್ಜಿ ನಿರೋಧಕ ಔಷಧ ಕೊಡುವುದು ಇನ್ನೆರಡು ಸಾಧ್ಯತೆಗಳು. ಬೇರೆ ತಯಾರಕರ ಲಸಿಕೆಯಲ್ಲಿ ಜೊತೆಯ ಪ್ರೋಟೀನುಗಳು ಬೇರೆಯಾಗಿರಬಹುದು. ಆಂಟಿಹಿಸ್ಟಮಿನ್ ಚುಚ್ಚುಮದ್ದನ್ನು ಅರ್ಧ ಗಂಟೆ ಮೊದಲು ಕೊಟ್ಟರೆ ಊತ ಮತ್ತು ಗಂಧೆಗಳು ತಗ್ಗಬಹುದು. ಆದರೆ ಅನಾಫಿಲ್ಯಾಕ್ಸಿಸನ್ನು ಅದು ಖಚಿತವಾಗಿ ತಡೆಯುತ್ತದೆಂದು ಯಾರೂ ಭರವಸೆ ಕೊಡಲಾರರು. ಹಿಂದಿನ ಸಲ ಕುಸಿದು ಬಿದ್ದ ನಾಯಿಗೆ ಅದೇ ಲಸಿಕೆಯನ್ನು ಆಂಟಿಹಿಸ್ಟಮಿನ್ ನಂಬಿಕೊಂಡು ಮತ್ತೆ ಹಾಕಿಸುವುದನ್ನು ನಾನು ಒಪ್ಪುವುದಿಲ್ಲ.

ಹಂತ 4: ದಿನವನ್ನೂ ಹೊತ್ತನ್ನೂ ಆರಿಸಿಕೊಳ್ಳಿ

ಬೆಳಗಿನ ಹೊತ್ತೇ ಲಸಿಕೆ ಹಾಕಿಸಿ, ಮತ್ತು ಮರುದಿನವೂ ಆಸ್ಪತ್ರೆ ತೆರೆದಿರುವಂತಹ ದಿನವನ್ನು ಆರಿಸಿ. ಸಂಜೆ ಬಾಗಿಲು ಹಾಕುವ ಹೊತ್ತಿಗೆ ಹಾಕಿಸಿದರೆ, ರಾತ್ರಿ ಮುಖ ಊದಿದಾಗ ವೈದ್ಯರನ್ನು ಹುಡುಕಬೇಕಾಗುತ್ತದೆ. ರಾತ್ರಿ ತೆರೆದಿರುವ ಪಶು ಆಸ್ಪತ್ರೆಯ ದೂರವಾಣಿ ಸಂಖ್ಯೆಯನ್ನೂ, ಅಲ್ಲಿಗೆ ಹೋಗುವ ದಾರಿಯನ್ನೂ ಮೊದಲೇ ತಿಳಿದಿಟ್ಟುಕೊಳ್ಳಿ. ಅಂದು ಇಡೀ ದಿನ ನಾಯಿಯ ಜೊತೆ ಮನೆಯಲ್ಲಿ ಒಬ್ಬರಾದರೂ ಇರಬೇಕು.

ಜ್ವರ, ಭೇದಿ, ಕೆಮ್ಮು ಇರುವ ನಾಯಿಗೆ ಲಸಿಕೆಯನ್ನು ಮುಂದೂಡಿ. ಅದೇ ದಿನ ಶಸ್ತ್ರಚಿಕಿತ್ಸೆ, ಸ್ನಾನ ಮತ್ತು ಕೂದಲು ಕತ್ತರಿಸುವುದು, ಹೊಸ ಆಹಾರ, ಜಂತುಹುಳದ ಔಷಧ, ಉಣ್ಣೆ ಚಿಗಟದ ಔಷಧ ಇವು ಯಾವುದನ್ನೂ ಸೇರಿಸಿಕೊಳ್ಳಬೇಡಿ. ವಾಂತಿಯಾದರೆ ಕಾರಣ ಯಾವುದೆಂದು ತಿಳಿಯದೆ ಹೋಗುತ್ತದೆ. ಪುಟ್ಟ ನಾಯಿಯನ್ನು, ಅದರಲ್ಲೂ ಮರಿಯನ್ನು, ಬರಿಹೊಟ್ಟೆಯಲ್ಲಿ ಕರೆದೊಯ್ಯಬಾರದು. ಒಂದೆರಡು ಗಂಟೆ ಮೊದಲು ರೂಢಿಯ ಆಹಾರವನ್ನು ಸ್ವಲ್ಪ ಕೊಡಿ.

ಹಂತ 5: ಆಸ್ಪತ್ರೆಯಲ್ಲಿ

ಚುಚ್ಚುವ ಮುನ್ನ ಹಿಂದಿನ ಪ್ರತಿಕ್ರಿಯೆಯನ್ನು ಮತ್ತೊಮ್ಮೆ ಬಾಯಿಬಿಟ್ಟು ಹೇಳಿ, ಕಡತದಲ್ಲಿ ಇದೆಯಲ್ಲ ಎಂದು ಸುಮ್ಮನಿರಬೇಡಿ. ನಾಯಿಯನ್ನು ಅಂದೇ ತೂಕ ಮಾಡಿಸಿ, ಏಕೆಂದರೆ ತುರ್ತು ಔಷಧದ ಪ್ರಮಾಣವೆಲ್ಲ ತೂಕದ ಮೇಲೆಯೇ ನಿಂತಿದೆ. ಯಾವ ಲಸಿಕೆಯನ್ನು ದೇಹದ ಯಾವ ಭಾಗದಲ್ಲಿ ಹಾಕಿದರೆಂಬುದನ್ನು ಬರೆಸಿಕೊಳ್ಳಿ.

ಲಸಿಕೆಯಾದ ಮೇಲೆ ಕನಿಷ್ಠ ಅರ್ಧ ಗಂಟೆ, ಹಿಂದೆ ಪ್ರತಿಕ್ರಿಯೆಯಾಗಿದ್ದರೆ ಒಂದು ಗಂಟೆ ಅಥವಾ ವೈದ್ಯರು ಹೇಳಿದಷ್ಟು ಹೊತ್ತು, ಆಸ್ಪತ್ರೆಯಲ್ಲೇ ಕಾಯಬೇಕು. ಜಪಾನಿನಲ್ಲಿ 57,300 ನಾಯಿಗಳ ಮೇಲೆ ನಡೆದ ಸಮೀಕ್ಷೆಯೊಂದರಲ್ಲಿ ಅನಾಫಿಲ್ಯಾಕ್ಸಿಸ್ ಪ್ರಕರಣಗಳು ಕಾಣಿಸಿಕೊಂಡದ್ದು ಲಸಿಕೆಯ ನಂತರದ 60 ನಿಮಿಷಗಳೊಳಗೆ. ಆ ಒಂದು ಗಂಟೆಯಲ್ಲಿ ವೈದ್ಯರು, ಆಮ್ಲಜನಕ ಮತ್ತು ಅಡ್ರಿನಾಲಿನ್ (ಅನಾಫಿಲ್ಯಾಕ್ಸಿಸ್‌ಗೆ ಕೊಡುವ ತುರ್ತು ಔಷಧ) ಕೈಗೆಟಕುವಷ್ಟು ಹತ್ತಿರದಲ್ಲಿರುವುದೇ ನಾಯಿಗೆ ನೀವು ಕೊಡಬಹುದಾದ ಅತಿ ದೊಡ್ಡ ರಕ್ಷಣೆ. ಕಾಯುವಾಗ ನಾಯಿಯನ್ನು ಚೀಲದೊಳಗೆ ಮುಚ್ಚಿಡದೆ, ಮುಖ ಕಾಣುವಂತೆ ಮಡಿಲಲ್ಲಿ ಕೂರಿಸಿಕೊಂಡು, ಕೆಲವು ನಿಮಿಷಗಳಿಗೊಮ್ಮೆ ವಸಡನ್ನು ನೋಡುತ್ತಿರಿ.

ಹಂತ 6: ಮನೆಯಲ್ಲಿ ಮೊದಲ ಮೂರು ದಿನ

ಮೊದಲ ಆರು ಗಂಟೆ ಹತ್ತಿರವೇ ಇದ್ದು ಗಮನಿಸಿ. ಉದ್ದ ಕೂದಲಿನ ನಾಯಿಯಲ್ಲಿ ಗಂಧೆಗಳು ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಅಂಗೈಯಿಂದ ಮೈಯನ್ನು ಸವರಿ ನೋಡಬೇಕು. ಹೊಟ್ಟೆಯ ಕೆಳಭಾಗ ಮತ್ತು ತೊಡೆಯ ಒಳಭಾಗದಲ್ಲಿ ಕೆಂಪು ಬೇಗ ಕಾಣುತ್ತದೆ. ಲಸಿಕೆಗೆ ಮುನ್ನ ಮುಖದ ಒಂದು ಚಿತ್ರ ತೆಗೆದಿಟ್ಟುಕೊಂಡಿದ್ದರೆ ಊತದ ಅನುಮಾನ ಬಂದಾಗ ಹೋಲಿಸಿ ನೋಡಬಹುದು. ನಾಯಿಯನ್ನು ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ ಇರಲಿ, ಚುಚ್ಚಿದ ಜಾಗದ ಮೇಲೆ ನಾಯಿಗೆ ಕಟ್ಟುವ ಪಟ್ಟಿ ಉಜ್ಜದಂತೆ ನೋಡಿಕೊಳ್ಳಿ. ನೋವಿದ್ದರೆ ಬಟ್ಟೆ ಸುತ್ತಿದ ತಣ್ಣನೆಯ ಪಟ್ಟನ್ನು ಕೆಲವು ನಿಮಿಷ ಇಡಬಹುದು.

ಮನುಷ್ಯರ ನೋವಿನ ಮಾತ್ರೆಗಳನ್ನು ಎಂದಿಗೂ ಕೊಡಬೇಡಿ. ಪ್ಯಾರಾಸಿಟಮಾಲ್ ಮತ್ತು ಐಬುಪ್ರೊಫೆನ್ ನಾಯಿಗೆ ವಿಷವಾಗಬಲ್ಲವು, ಮತ್ತು 2 ಕಿಲೋ ತೂಕದ ನಾಯಿಯಲ್ಲಿ ಒಂದು ಮಾತ್ರೆಯ ತುಣುಕೂ ದೊಡ್ಡ ಪ್ರಮಾಣವೇ. ಅಲರ್ಜಿಯ ಮಾತ್ರೆಗಳಲ್ಲಿಯೂ ಕೆಲವು ಶೀತದ ಔಷಧದೊಂದಿಗೆ ಬೆರೆತಿರುತ್ತವೆ, ಕೆಲವು ದ್ರವರೂಪದ ಔಷಧಗಳಲ್ಲಿ ನಾಯಿಗೆ ಮಾರಕವಾದ ಜೈಲಿಟಾಲ್ ಎಂಬ ಸಿಹಿಕಾರಕ ಇರುತ್ತದೆ. ಯಾವ ಮಾತ್ರೆ, ಎಷ್ಟು ಎಂಬುದನ್ನು ವೈದ್ಯರು ನಿಮ್ಮ ನಾಯಿಯ ತೂಕಕ್ಕೆ ಲೆಕ್ಕ ಹಾಕಿ ಬರೆದುಕೊಟ್ಟಿದ್ದರೆ ಮಾತ್ರ ಕೊಡಿ.

ತೀರಾ ಪುಟ್ಟ ಮರಿ ಲಸಿಕೆಯ ಮಂಕಿನಲ್ಲಿ ಊಟ ಬಿಟ್ಟರೆ ರಕ್ತದ ಸಕ್ಕರೆ ಇಳಿದು ತೂರಾಡುವುದು, ನಡುಗುವುದು, ಎಬ್ಬಿಸಿದರೂ ಏಳದಿರುವುದು ಕಾಣಿಸಬಹುದು. ಇದು ಅಲರ್ಜಿಯಲ್ಲ, ಆದರೂ ತುರ್ತಿನ ಸಂಗತಿ. ಮರಿಗೆ ಎಚ್ಚರವಿದ್ದರೆ ವಸಡಿಗೆ ಸ್ವಲ್ಪ ಸಕ್ಕರೆ ಪಾಕ ಸವರಿ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಎರಡು ದಿನ ಕಳೆದರೂ ಮಂಕು ಇಳಿಯದಿದ್ದರೆ, ಉಷ್ಣತೆ 39.5 ಡಿಗ್ರಿ ದಾಟಿದರೆ, ನಾಯಿ ನೀರನ್ನೂ ಮುಟ್ಟದಿದ್ದರೆ ವೈದ್ಯರಿಗೆ ತಿಳಿಸಿ.

ಹಂತ 7: ಪ್ರತಿಕ್ರಿಯೆ ಕಾಣಿಸಿಕೊಂಡ ಕ್ಷಣ

ಮುಖ ಊದಿದ್ದು, ನಾಯಿ ಚುರುಕಾಗಿಯೇ ಇದ್ದು, ಉಸಿರು ಸರಾಗವಾಗಿದ್ದರೂ ವೈದ್ಯರಿಗೆ ಕೂಡಲೇ ಕರೆ ಮಾಡಿ ಹೊರಡಲು ಸಿದ್ಧರಾಗಿ. ಪಗ್‌ನಂತಹ ಚಪ್ಪಟೆ ಮೂತಿಯ ನಾಯಿಗಳಲ್ಲಿ ಉಸಿರಿನ ದಾರಿ ಮೊದಲೇ ಕಿರಿದಾಗಿರುವುದರಿಂದ ಕರೆ ಮಾಡಿ ಕಾಯುವ ಬದಲು ನೇರವಾಗಿ ಹೊರಟುಬಿಡುವುದು ಒಳ್ಳೆಯದು. ಚಿಕಿತ್ಸೆಯಾಗಿ ಊತ ಇಳಿದ ಮೇಲೂ, ಔಷಧದ ಪ್ರಭಾವ ಮುಗಿದಾಗ ಅದು ಮರುಕಳಿಸಬಹುದಾದ್ದರಿಂದ, ಮುಂದಿನ 24 ಗಂಟೆ ನಿಗಾ ಸಡಿಲಿಸಬಾರದು.

ವಸಡು ಬಿಳಿಚಿದ್ದರೆ, ನಾಯಿ ಕುಸಿದಿದ್ದರೆ, ಉಸಿರಾಡಲು ಕಷ್ಟಪಡುತ್ತಿದ್ದರೆ, ಅಥವಾ ಮೇಲಿಂದ ಮೇಲೆ ವಾಂತಿ ಭೇದಿ ಆಗುತ್ತಿದ್ದರೆ ಮನೆಯಲ್ಲಿ ಮಾಡುವಂಥದ್ದು ಏನೂ ಇಲ್ಲ, ಹತ್ತಿರದ ಪಶು ಆಸ್ಪತ್ರೆಗೆ ಹೊರಡಬೇಕು. ಒಬ್ಬರು ವಾಹನ ನಡೆಸುತ್ತಿರುವಾಗ ಇನ್ನೊಬ್ಬರು ಆಸ್ಪತ್ರೆಗೆ ಕರೆ ಮಾಡಿ ಲಸಿಕೆಯ ಹೆಸರು, ಹಾಕಿದ ಸಮಯ, ನಾಯಿಯ ತೂಕ ತಿಳಿಸಿದರೆ ನೀವು ತಲುಪುವಷ್ಟರಲ್ಲಿ ಔಷಧ ಸಿದ್ಧವಾಗಿರುತ್ತದೆ. ನಾಯಿಯನ್ನು ಒಂದು ಮಗ್ಗುಲಿಗೆ ಮಲಗಿಸಿ, ಕತ್ತು ನೇರವಾಗಿ ಚಾಚಿರುವಂತೆ ನೋಡಿಕೊಳ್ಳಿ. ಬಾಯಿಗೆ ನೀರಾಗಲಿ ಔಷಧವಾಗಲಿ ಹಾಕಬೇಡಿ, ಅದು ಶ್ವಾಸನಾಳಕ್ಕೆ ಹೋಗಬಹುದು. ಅಲ್ಲಿ ವೈದ್ಯರು ಮೊದಲು ಕೊಡುವುದು ಅಡ್ರಿನಾಲಿನ್. ಜೊತೆಗೆ ರಕ್ತನಾಳದ ಮೂಲಕ ದ್ರವ ಮತ್ತು ಆಮ್ಲಜನಕ. ಆಂಟಿಹಿಸ್ಟಮಿನ್ ಮತ್ತು ಸ್ಟೀರಾಯ್ಡ್ ಅದರ ನಂತರದವು. ಚೇತರಿಸಿಕೊಂಡ ನಾಯಿಯನ್ನು ಅಂದು ಆಸ್ಪತ್ರೆಯಲ್ಲೇ ಇರಿಸಿಕೊಳ್ಳುತ್ತೇವೆಂದು ವೈದ್ಯರು ಹೇಳಿದರೆ ಒಪ್ಪಿಕೊಳ್ಳಿ.

ಹಂತ 8: ಬರೆದಿಡಿ, ವರದಿ ಮಾಡಿಸಿ

ಯಾವ ಲಸಿಕೆ, ಯಾವ ತಯಾರಕರದು, ಬ್ಯಾಚ್ ಸಂಖ್ಯೆ, ಹಾಕಿದ ಸಮಯ, ಮೊದಲ ಲಕ್ಷಣ ಕಂಡ ಸಮಯ, ಕೊಟ್ಟ ಚಿಕಿತ್ಸೆ, ಗುಣವಾಗಲು ಹಿಡಿದ ಅವಧಿ ಇವೆಲ್ಲವೂ ಚಿತ್ರಗಳ ಸಮೇತ ಲಸಿಕೆ ಪುಸ್ತಕದಲ್ಲಿರಲಿ. ಊರು ಬದಲಾಯಿಸಿದರೂ, ವೈದ್ಯರು ಬದಲಾದರೂ, ನಾಯಿಯನ್ನು ಬೇರೆಯವರ ವಶಕ್ಕೆ ಬಿಟ್ಟು ಹೋದರೂ ಈ ಪುಟ ಅದರ ಜೊತೆಗೇ ಹೋಗಬೇಕು. ತಯಾರಕರಿಗೂ ಔಷಧ ನಿಯಂತ್ರಣ ಪ್ರಾಧಿಕಾರಕ್ಕೂ ವರದಿ ಕಳುಹಿಸುವಂತೆ ವೈದ್ಯರನ್ನು ಕೇಳಿ. ಚಿಕ್ಕ ಪ್ರತಿಕ್ರಿಯೆಗಳನ್ನು ಯಾರೂ ವರದಿ ಮಾಡದಿರುವುದರಿಂದಲೇ ಅವು ಎಷ್ಟಿವೆ ಎಂಬುದು ಸರಿಯಾಗಿ ಲೆಕ್ಕಕ್ಕೆ ಸಿಗುವುದಿಲ್ಲ.

ತಡವಾಗಿ ಕಾಣಿಸಿಕೊಳ್ಳುವವು

ಚುಚ್ಚಿದ ಜಾಗದ ಗಂಟು ಒಂದು ತಿಂಗಳಾದ ಮೇಲೂ ಬೆಳೆಯುತ್ತಲೇ ಇದ್ದರೆ, 2 ಸೆಂ.ಮೀ.ಗಿಂತ ದೊಡ್ಡದಾದರೆ, ಅಥವಾ 3 ತಿಂಗಳಾದರೂ ಉಳಿದಿದ್ದರೆ ವೈದ್ಯರು ಪರೀಕ್ಷಿಸಬೇಕು. ಪೂಡಲ್‌ನಂತಹ ಕೆಲವು ಪುಟ್ಟ ತಳಿಗಳಲ್ಲಿ, ವಿಶೇಷವಾಗಿ ರೇಬೀಸ್ ಲಸಿಕೆಯ ನಂತರ, ವಾರಗಳೋ ತಿಂಗಳುಗಳೋ ಕಳೆದ ಮೇಲೆ ಚುಚ್ಚಿದ ಜಾಗದಲ್ಲಿ ವೃತ್ತಾಕಾರವಾಗಿ ಕೂದಲು ಉದುರಿ, ಚರ್ಮ ತೆಳುವಾಗಿ ಕಪ್ಪಾಗುವುದುಂಟು. ಅಲ್ಲಿನ ಸಣ್ಣ ರಕ್ತನಾಳಗಳ ಉರಿಯೂತವೇ ಇದಕ್ಕೆ ಕಾರಣ. ಕಿವಿಯ ಅಂಚು, ಬಾಲದ ತುದಿ, ಪಾದದ ಮೆತ್ತೆಗಳಲ್ಲೂ ಹುಣ್ಣುಗಳು ಕಾಣಿಸಿಕೊಂಡರೆ ಅದು ಒಂದೇ ಜಾಗಕ್ಕೆ ಸೀಮಿತವಾಗಿಲ್ಲ ಎಂದರ್ಥ. ಇಷ್ಟು ತಡವಾಗಿ ಬರುವುದರಿಂದ ಇದನ್ನು ಲಸಿಕೆಯೊಂದಿಗೆ ಜೋಡಿಸಿ ನೋಡುವುದು ಯಾರಿಗೂ ಹೊಳೆಯುವುದಿಲ್ಲ, ಹುಳುಕಡ್ಡಿಯೆಂದು ಮುಲಾಮು ಹಚ್ಚುತ್ತಾ ಕಾಲ ಕಳೆದುಹೋಗುತ್ತದೆ. ಯಾವ ಲಸಿಕೆಯನ್ನು ಎಲ್ಲಿ ಹಾಕಿದ್ದರೆಂಬ ಬರಹ ನಿಮ್ಮ ಬಳಿ ಇದ್ದರೆ ಚರ್ಮದ ತುಣುಕನ್ನು ತೆಗೆದು ಪರೀಕ್ಷಿಸುವ ನಿರ್ಧಾರವನ್ನು ವೈದ್ಯರು ಬೇಗ ಕೈಗೊಳ್ಳಬಹುದು, ಮತ್ತು ಅದರ ಫಲಿತಾಂಶ ಕೈಸೇರುವವರೆಗೆ ಯಾವ ಬೂಸ್ಟರನ್ನೂ ಹಾಕಿಸಬಾರದು.